ಗ್ಲುಟೆನ್ ಇಲ್ಲದ ಇಡ್ಲಿ

ಗೋಧಿಯ ಗ್ಲುಟೆನ್ ಒಗ್ಗದ ಮಕ್ಕಳಿಗೆ ರಾಗಿ ಇಡ್ಲಿ ಕೊಡಬಹುದಂತೆ. ಗ್ಲುಟೆನ್ ಇಲ್ಲದೆ ಇಡ್ಲಿ ಉಬ್ಬುವುದು ಹೇಗೆ?

ಬ್ರೆಡ್ಡಿನಲ್ಲಿ ಅನಿಲವನ್ನು ಹಿಡಿದಿಡುವುದು ಗ್ಲುಟೆನ್. ಇಡ್ಲಿಯಲ್ಲಿ ಆ ಕೆಲಸ ಉದ್ದಿನಬೇಳೆಯದು. ನುಣ್ಣಗೆ ರುಬ್ಬಿದ ಬೇಳೆಯ ಪ್ರೋಟೀನ್ ಮತ್ತು ಲೋಳೆ ಅಂಶ ಹಿಟ್ಟನ್ನು ಜಿಗುಟಾಗಿಸುತ್ತವೆ. ರಾತ್ರಿಯಿಡೀ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಬರಿ ನೀರಿಗೆ ಊದಿದರೆ ಗುಳ್ಳೆ ಒಡೆಯುತ್ತದೆ, ಸೋಪಿನ ನೀರಿಗೆ ಊದಿದರೆ ನೊರೆ ನಿಲ್ಲುತ್ತದಲ್ಲ, ಇಲ್ಲೂ ಹಾಗೆಯೇ. ಹಬೆ ತಾಗಿದೊಡನೆ ಗುಳ್ಳೆಗಳು ಹಿಗ್ಗುತ್ತವೆ. ಅಷ್ಟರಲ್ಲಿ ಹಿಟ್ಟು ಬೆಂದು ಗಟ್ಟಿಯಾಗುವುದರಿಂದ ಉಬ್ಬು ಇಳಿಯುವುದಿಲ್ಲ.

ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ. ಅದರ ಬಣ್ಣಕ್ಕೆ ಮೂಗು ಮುರಿಯುವ ಮಕ್ಕಳೂ ತುಪ್ಪ ಸವರಿದ ಪುಟಾಣಿ ಇಡ್ಲಿಯನ್ನು ಬೇಡ ಎನ್ನುವುದು ಕಡಿಮೆ. ರವೆ ಇಡ್ಲಿ ಮಾತ್ರ ಗೋಧಿಯದು. ಚಟ್ನಿಯ ಒಗ್ಗರಣೆಗೆ ಹಾಕುವ ಇಂಗಿನಲ್ಲೂ ಹಲವೊಮ್ಮೆ ಗೋಧಿ ಹಿಟ್ಟು ಬೆರೆತಿರುತ್ತದೆ, ಡಬ್ಬಿಯ ಮೇಲಿನ ಬರಹ ಓದಿಯೇ ಕೊಳ್ಳಿ.