ಟ್ರಂಕಿನೊಳಗಿನ ಸಮುದ್ರ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ಸಿಗುತ್ತದೆ, ಮಿರ್ಚಿ ಭಜಿ ಸಿಗುತ್ತದೆ, ಸಮುದ್ರ ಸಿಗುವುದಿಲ್ಲ. ಆದರೂ ಅಲ್ಲಿಯ ಓಣಿಯೊಂದರಲ್ಲಿರುವ ನಮ್ಮ ಮನೆಯ ಟ್ರಂಕಿನ ತುಂಬ ಸಮುದ್ರವಿದೆ. ಎಲ್ಲವೂ ಹಳೆಯ ಪತ್ರಿಕೆಗಳ ವ್ಯಂಗ್ಯಚಿತ್ರಗಳು. ಒಂಟಿ ತೆಂಗಿನಮರದ ನಡುಗಡ್ಡೆಯಲ್ಲಿ ಕುಳಿತ ಗಡ್ಡದವ, ಹಡಗಿನ ಕಟಕಟೆ ಹಿಡಿದು ವಾಂತಿಗೆ ಬಾಗಿದ ಸಾಹೇಬ, ಸೀಸೆಯಲ್ಲಿ ಚೀಟಿ ಹಾಕಿ ತೇಲಿಬಿಟ್ಟರೆ ಉತ್ತರವಾಗಿ ಬಂದ ಬಿಲ್ಲು!

ಇವನ್ನೆಲ್ಲ ತಂದವರು ನಮ್ಮ ಕಾಕಾ. ಸರಕು ಹಡಗಿನಲ್ಲಿ ಅವರು ಭಂಡಾರಿ, ಅಂದರೆ ಖಲಾಸಿಗಳಿಗೆ ಅಡಿಗೆ ಮಾಡುವವರು. ಅಧಿಕಾರಿಗಳು ಓದಿ ಬಿಸಾಡಿದ ‘ಪಂಚ್’ನಂಥ ಪತ್ರಿಕೆಗಳನ್ನು ರಜೆಗೆ ಬರುವಾಗ ಹೊತ್ತು ತರುತ್ತಿದ್ದರು. 1841ರಲ್ಲಿ ಲಂಡನ್ನಿನಲ್ಲಿ ಶುರುವಾದ ಪತ್ರಿಕೆ ಅದು. ನಗೆಚಿತ್ರಕ್ಕೆ ‘ಕಾರ್ಟೂನ್’ ಎಂಬ ಹೆಸರು ಅಂಟಿದ್ದು 1843ರಲ್ಲಿ, ಅದರಿಂದಲೇ. ಅದರ ಹೆಸರಾಂತ ಚಿತ್ರವೊಂದು ಹಡಗಿನದೇ: 1890ರಲ್ಲಿ ಜರ್ಮನಿಯ ಚಕ್ರವರ್ತಿ ಹಿರಿಯ ಮಂತ್ರಿ ಬಿಸ್ಮಾರ್ಕ್‌ನನ್ನು ಕೆಳಗಿಳಿಸಿದಾಗ, ಹಡಗಿನ ಏಣಿ ಇಳಿದು ಹೋಗುವ ಮುದಿ ನಾವಿಕನಂತೆ ಆತನನ್ನು ಬರೆದರು. ಬರೆದವರು ಜಾನ್ ಟೆನಿಯಲ್. ಮಕ್ಕಳೇ, ನಿಮ್ಮ ‘ಆಲಿಸ್’ ಕಥೆಗೆ ಚಿತ್ರ ಬರೆದವರೂ ಅವರೇ.

ನಾನು ಸಾಲಿ ಹುಡುಗ. ಕತ್ತರಿ ಹಿಡಿದು ಚಿತ್ರವನ್ನಷ್ಟೇ ನೀಟಾಗಿ ಕತ್ತರಿಸಿ, ಅಂಚನ್ನೆಲ್ಲ ಒಲೆಗೆ ಹಾಕುತ್ತಿದ್ದೆ. ಅಂಚಿನಲ್ಲಿ ಕಾಕಾ ಪೆನ್ಸಿಲ್ಲಿನಿಂದ ಏನೇನೋ ಗೀಚಿರುತ್ತಿದ್ದರು. ಅದು ನನಗೆ ಹೊಲಸು ಅನ್ನಿಸುತ್ತಿತ್ತು.

ಮೊನ್ನೆ ಮೊಮ್ಮಗ ಕೇಳಿದ: “ಅಜ್ಜಾ, ಇವು ಯಾವ ವರ್ಷದ್ವು?”

ಗೊತ್ತಿಲ್ಲ ಎಂದೆ. ತಾರೀಖು ಪುಟದ ಅಂಚಿನಲ್ಲಿತ್ತು. ಕಾಕಾ ಈಗಿಲ್ಲ.

ಅವನು ಬಿಡಲಿಲ್ಲ, ಒಂದೊಂದೇ ಹೊರಳಿಸಿ ನೋಡಿದ. ನನ್ನ ಕತ್ತರಿ ಸೊಟ್ಟ ಹೋಗಿದ್ದ ಒಂದರಲ್ಲಿ ಅಂಚು ಉಳಿದಿತ್ತು. ಅಲ್ಲಿ ಕಾಕಾರ ಅಕ್ಷರ: “ಸುಯೆಜ್ ಬಂದ್ ಐತಿ. ಕೇಪ್ ಸುತ್ತಿ ಹೊಂಟೇವಿ. ಮನಿ ಭಾಳ ದೂರ ಆತು.”

ಇಬ್ಬರೂ ನಕಾಶೆ ಹರವಿ ಕುಳಿತೆವು. ಯುದ್ಧದಿಂದಾಗಿ ಸುಯೆಜ್ ಕಾಲುವೆ 1967ರ ಜೂನ್‌ನಿಂದ 1975ರ ಜೂನ್‌ವರೆಗೆ ಮುಚ್ಚಿತ್ತು. ಯುರೋಪಿಗೆ ಹೊರಟ ಹಡಗುಗಳು ಇಡೀ ಆಫ್ರಿಕಾ ಸುತ್ತಬೇಕಾಯಿತು. ಕಾಲುವೆಯ ದಾರಿಯ ಸರೋವರದಲ್ಲಿ 14 ಹಡಗುಗಳು ಸಿಕ್ಕಿಬಿದ್ದು, ಮರಳು ಕೂತು ಹಳದಿಯಾದವು. ಬೇಸರ ಕಳೆಯಲು ಅವುಗಳ ನಾವಿಕರು ತಮ್ಮದೇ ಅಂಚೆಚೀಟಿ ಮಾಡಿಕೊಂಡಿದ್ದರು! 1956ರಲ್ಲೂ ಕಾಲುವೆ ಕೆಲವು ತಿಂಗಳು ಮುಚ್ಚಿತ್ತು, ಆದರೆ ಕಾಕಾ ಆಗ ಇನ್ನೂ ಹಡಗು ಹತ್ತಿರಲಿಲ್ಲ. ಹಾಗಾಗಿ ಈ ಚಿತ್ರ 1967ರಿಂದ 1975ರ ನಡುವಿನದು. ಚಿತ್ರದಲ್ಲಿರುವುದು ಆ ನಡುಗಡ್ಡೆಯ ಗಡ್ಡದವನೇ. ಅದನ್ನೇ ಆರಿಸಿ ಕಾಕಾ ಹಾಗೆ ಬರೆದಿದ್ದರು ಎಂಬುದು ಇಷ್ಟು ವರ್ಷಕ್ಕೆ ನನಗೆ ಹೊಳೆಯಿತು.

ಈಗ ರದ್ದಿ ಅಂಗಡಿಯಲ್ಲಿ ಹಳೆ ಪತ್ರಿಕೆ ಸಿಕ್ಕರೆ ಕತ್ತರಿ ಮುಟ್ಟುವುದಿಲ್ಲ, ಸಂಚಿಕೆಯನ್ನೇ ಇಡುತ್ತೇನೆ. ಅಂಟುಪಟ್ಟಿ ಹಚ್ಚುವುದಿಲ್ಲ, ಅದು ಕಾಗದಕ್ಕೆ ಕಲೆ ಮಾಡುತ್ತದೆ. ಬಿಸಿಲಿಗೂ ಇಡುವುದಿಲ್ಲ, ಮರದ ತಿರುಳಿನ ಅಗ್ಗದ ಕಾಗದ ಬೆಳಕಿಗೆ ಬೇಗ ಹಳದಿಯಾಗುತ್ತದೆ. ಉಳಿದ ಚಿತ್ರಗಳ ಹಿಂಬದಿಯಲ್ಲಿ ಮೊಮ್ಮಗ ಇನ್ನೂ ಪೆನ್ಸಿಲ್ ಗುರುತು ಹುಡುಕುತ್ತಿದ್ದಾನೆ. ಇನ್ನೂ ಅರ್ಧ ಟ್ರಂಕು ಬಾಕಿ ಇದೆ.