ಮೊದಲ ಹೆಸರು ಯಾರದು, ಹೇಳಿ ನೋಡೋಣ!

ಒಂದು ಪ್ರಶ್ನೆ. ಥಟ್ಟನೆ ಉತ್ತರ ಬರಬೇಕು, ಪಕ್ಕದವರನ್ನು ಕೇಳುವಂತಿಲ್ಲ!

ನಿಮ್ಮೂರ ಆಸ್ಪತ್ರೆಯ ಸಿಸ್ಟರ್‌ಗೆ ನರ್ಸಿಂಗ್ ಕೌನ್ಸಿಲ್ ಕೊಟ್ಟ ನೋಂದಣಿ ಸಂಖ್ಯೆ ಇರುತ್ತದಲ್ಲ? ನರ್ಸ್‌ಗಳಿಗೆಂದೇ ಪ್ರತ್ಯೇಕ ಕಾನೂನು ಮಾಡಿ, ಅಂಥದ್ದೊಂದು ಪಟ್ಟಿಯನ್ನು ಇಡೀ ದೇಶಕ್ಕೆ ಮೊಟ್ಟಮೊದಲು ತೆರೆದದ್ದು ಎಲ್ಲಿ? ಆ ಪಟ್ಟಿಯ ಮೊದಲ ಹೆಸರು ಯಾರದು?

ಫ್ಲಾರೆನ್ಸ್ ನೈಟಿಂಗೇಲ್ ಅಂದಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಇಬ್ಬರೂ ಸೋತೆವು! ನರ್ಸ್‌ಗಳ ನೋಂದಣಿ ಎಂದರೆ ಆಕೆಗೆ ಆಗುತ್ತಲೇ ಇರಲಿಲ್ಲ. ಶೀಲ, ಮಮತೆಗಳನ್ನು ಪರೀಕ್ಷೆ ಇಟ್ಟು ಅಳೆಯಲಾದೀತೇ ಎಂಬುದು ಆಕೆಯ ತಕರಾರು.

ಹಾಗಾದರೆ ಲಂಡನ್? ಅಲ್ಲ. ಅಮೆರಿಕ? ಅಲ್ಲವೇ ಅಲ್ಲ! ಭೂಪಟದಲ್ಲಿ ಬೆರಳನ್ನು ಕೆಳಕ್ಕೆ ಜಾರಿಸಿ. ಇನ್ನೂ ಕೆಳಕ್ಕೆ. ಆಸ್ಟ್ರೇಲಿಯಾವನ್ನೂ ದಾಟಿ...

ನ್ಯೂಜಿಲೆಂಡ್!

(ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ 1891ರಲ್ಲೇ ನೋಂದಣಿ ಇತ್ತಲ್ಲ ಎನ್ನುವ ಪಂಡಿತರೇ, ನಿಜ. ಆದರೆ ಅದು ವೈದ್ಯರ ಕಾನೂನಿನ ಬಾಲಕ್ಕೆ ಕಟ್ಟಿದ್ದು!)

ಹೆಸರು ಎಲೆನ್ ಡೊಹರ್ಟಿ. ಹುಟ್ಟಿದ್ದು 1844ರಲ್ಲಿ, ಕಟರ್ಸ್ ಬೇ ಎಂಬ ಕಡಲಂಚಿನಲ್ಲಿ. ಅಪ್ಪನ ಕಸುಬು? ಊಹಿಸಲಾರಿರಿ. ತಿಮಿಂಗಿಲ ಬೇಟೆ!

ಇನ್ನೂ ಇದೆ. ವೆಲಿಂಗ್ಟನ್ ಆಸ್ಪತ್ರೆಯಲ್ಲಿ ಆಕೆ ನರ್ಸಿಂಗ್ ಪ್ರಮಾಣಪತ್ರ ಪಡೆದಾಗ ವಯಸ್ಸು ಇಪ್ಪತ್ತಲ್ಲ, ಮೂವತ್ತೂ ಅಲ್ಲ. ನಲವತ್ತು ದಾಟಿತ್ತು! ಅಷ್ಟಕ್ಕೇ ಸುಮ್ಮನಾದರೇ? ಔಷಧಶಾಸ್ತ್ರವನ್ನೂ ಕಲಿತರು. 1899ರಲ್ಲಿ ಫಾರ್ಮಸಿಸ್ಟ್ ಆಗಿಯೂ ನೋಂದಾಯಿಸಿಕೊಂಡರು! ಅಂದರೆ, ಜಗತ್ತು ಬೆರಗಾಗುವ ಆ ನೋಂದಣಿ ಆಕೆಗೆ ಎರಡನೆಯದು. ನನಗಂತೂ ಇಡೀ ಕಥೆಯಲ್ಲಿ ಇದೇ ಹೆಚ್ಚು ಇಷ್ಟ. ಬಾಟಲಿಯಿಂದ ಅಳೆದು ಔಷಧಿ ಕೊಡಬಲ್ಲ ಕೈ, ಅದೇ ಕೈ ರೋಗಿಯ ಹಣೆ ಮುಟ್ಟಿ ಜ್ವರ ನೋಡುವುದು! ಅಷ್ಟರಲ್ಲಿ ಆಕೆ ಪಾಮರ್‌ಸ್ಟನ್ ನಾರ್ತ್ ಆಸ್ಪತ್ರೆಯ ಮೇಟ್ರನ್.

ಕಾನೂನಿನ ಬೆನ್ನು ಹತ್ತಿದ್ದು ಇನ್ನೊಬ್ಬ ಗಟ್ಟಿಗಿತ್ತಿ, ಗ್ರೇಸ್ ನೀಲ್. ಆಸ್ಪತ್ರೆಗಳ ಸಹಾಯಕ ಇನ್‌ಸ್ಪೆಕ್ಟರ್, ಸ್ವತಃ ನರ್ಸ್! 1901ರ ಸೆಪ್ಟೆಂಬರ್‌ನಲ್ಲಿ ಕಾನೂನು ಪಾಸು. ಮೂರು ವರ್ಷ ತರಬೇತಿ, ಕೊನೆಗೆ ಸರ್ಕಾರಿ ಪರೀಕ್ಷೆ. ಆಗಲೇ ಅನುಭವ ಗಳಿಸಿದವರಿಗೂ ಬಾಗಿಲು ತೆರೆದಿತ್ತು.

1902, ಜನವರಿ 10. ಪಟ್ಟಿಯಲ್ಲಿ ಮೊದಲ ಹೆಸರು ಬಿತ್ತು. ಎಲೆನ್ ಡೊಹರ್ಟಿ! ವಯಸ್ಸು? 57!

ಇನ್ನು ಬ್ರಿಟನ್. ನೈಟಿಂಗೇಲರ ಬ್ರಿಟನ್! ಅಲ್ಲಿ ಇಂಥ ಕಾನೂನು ಬಂದದ್ದು ಯಾವಾಗ? 1903? 1905? ಇಲ್ಲ ಸ್ವಾಮಿ, 1919ರ ಡಿಸೆಂಬರ್ 23ಕ್ಕೆ!

ಎಲೆನ್ ಅದನ್ನು ನೋಡಲಿಲ್ಲ. ನವೆಂಬರ್ 3ರಂದು ತೀರಿಕೊಂಡಿದ್ದರು. ಬರೀ ಐವತ್ತು ದಿನ ಮೊದಲು.