ಬೀದಿ ಜಾದೂ (ಕರ್ನಾಟಕ)

ಬೀದಿ ಜಾದೂ ಎಂಬುದು ರಂಗಮಂಟಪ, ಪರದೆ ಮತ್ತು ಟಿಕೆಟ್ಟುಗಳ ಹಂಗಿಲ್ಲದೆ ಸಂತೆ, ಜಾತ್ರೆ, ಬಸ್ ನಿಲ್ದಾಣ, ದೇವಸ್ಥಾನದ ಬಯಲು ಮುಂತಾದ ತೆರೆದ ಸ್ಥಳಗಳಲ್ಲಿ ನಡೆಯುವ ಕೈಚಳಕದ ಪ್ರದರ್ಶನ. ಗಾರುಡಿ, ಕಣ್ಕಟ್ಟು, ಯಕ್ಷಿಣಿ, ಇಂದ್ರಜಾಲ ಎಂಬವು ಕನ್ನಡದಲ್ಲಿ ಇದಕ್ಕಿರುವ ಇತರ ಹೆಸರುಗಳು. ನೋಡುಗರು ಮನಸ್ಸಿಗೆ ಬಂದಷ್ಟು ಕೊಡುವ ಹಣ ಅಥವಾ ಕಾಳುಕಡ್ಡಿಯೇ ಪ್ರದರ್ಶಕನ ಸಂಪಾದನೆ. ವೇದಿಕೆಯ ಜಾದೂಗಾರನನ್ನು ಪ್ರೇಕ್ಷಕರು ಎದುರಿನಿಂದ ಮಾತ್ರ ನೋಡುತ್ತಾರೆ. ಬೀದಿಯ ಜಾದೂಗಾರನನ್ನು ಸುತ್ತಲಿಂದಲೂ ನೋಡುತ್ತಾರೆ. ಆದ್ದರಿಂದ ಜನರನ್ನು ಸೇರಿಸುವ, ನಿಲ್ಲಿಸಿಕೊಳ್ಳುವ ಮತ್ತು ಅವರ ದೃಷ್ಟಿಯನ್ನು ತನಗೆ ಬೇಕಾದ ಕಡೆಗೆ ತಿರುಗಿಸುವ ಕೌಶಲ ಈ ಕಲೆಯಲ್ಲಿ ಕೈಚಳಕದಷ್ಟೇ ಮುಖ್ಯವಾದುದು.

## ಹೆಸರುಗಳು

‘ಗಾರುಡಿ’ ಎಂಬ ಪದ ಗರುಡನಿಂದ ಬಂದದ್ದು. ಹಾವಿನ ವಿಷವನ್ನು ಇಳಿಸುವ ಮಂತ್ರವಿದ್ಯೆಗೆ ‘ಗಾರುಡ’ ಎಂಬ ಹೆಸರಿತ್ತು. ಹಾವಾಡಿಸುವವನೇ ಕೈಚಳಕವನ್ನೂ ತೋರಿಸುತ್ತಿದ್ದುದರಿಂದ ಕನ್ನಡದ ‘ಗಾರುಡಿಗ’ ಎಂಬ ಪದಕ್ಕೆ ಹಾವಾಡಿಗ ಮತ್ತು ಜಾದೂಗಾರ ಎಂಬ ಎರಡು ಅರ್ಥಗಳೂ ಬಂದಿವೆ. ಮರಾಠಿಯಲ್ಲಿಯೂ ‘ಗಾರುಡಿ’ ಎಂಬ ಪದ ಇದೇ ಅರ್ಥಗಳಲ್ಲಿ ಬಳಕೆಯಲ್ಲಿದೆ. ವರಕವಿ ದ. ರಾ. ಬೇಂದ್ರೆಯವರನ್ನು ‘ಶಬ್ದಗಾರುಡಿಗ’ ಎಂದು ಕರೆಯುವ ರೂಢಿಯು ಈ ಪದಕ್ಕೆ ಕನ್ನಡಿಗರಲ್ಲಿ ದೊರೆತಿರುವ ಗೌರವವನ್ನು ಸೂಚಿಸುತ್ತದೆ.

‘ಇಂದ್ರಜಾಲ’ ಎಂದರೆ ಇಂದ್ರನ ಬಲೆ. ಅಥರ್ವವೇದದಲ್ಲಿ ಶತ್ರುಗಳನ್ನು ಸೆರೆಹಿಡಿಯುವ ಬಲೆಯಾಗಿ ಅದರ ಉಲ್ಲೇಖವಿದೆ. ಮುಂದೆ ಅದು ಭ್ರಮೆಯನ್ನು ಹುಟ್ಟಿಸುವ ವಿದ್ಯೆಯ ಹೆಸರಾಯಿತು. ‘ಜಾದೂ’ ಫಾರಸಿಯಿಂದ ಬಂದ ಪದ. ‘ಕಣ್ಕಟ್ಟು’ ಎಂಬ ಅಚ್ಚಗನ್ನಡ ಪದವು ಕಲೆಯ ಗುಟ್ಟನ್ನೇ ಹೇಳುತ್ತದೆ: ಇಲ್ಲಿ ಬದಲಾಗುವುದು ವಸ್ತುವಲ್ಲ, ನೋಡುವವರ ಕಣ್ಣು. ಕೇಡು ಮಾಡುವ ಉದ್ದೇಶದ ‘ಮಾಟ’ಕ್ಕೂ ವಿನೋದದ ಉದ್ದೇಶದ ಜಾದೂವಿಗೂ ಜನರ ಮಾತಿನಲ್ಲಿ ಕೆಲವೊಮ್ಮೆ ಬೆರಕೆಯಾಗುವುದುಂಟು, ಆದರೆ ಇವೆರಡೂ ಬೇರೆ ಬೇರೆ.

## ಇತಿಹಾಸ

ಕೌಟಿಲ್ಯನ ಅರ್ಥಶಾಸ್ತ್ರವು ನಟ, ನರ್ತಕ, ಗಾಯಕ ಮೊದಲಾದವರ ಸಾಲಿನಲ್ಲಿ ಇಂದ್ರಜಾಲ ತೋರಿಸುವ ಸೌಭಿಕರನ್ನೂ ಹೆಸರಿಸುತ್ತದೆ. ಹೊರನಾಡಿನಿಂದ ಬಂದ ಮೇಳಗಳು ಪ್ರದರ್ಶನಕ್ಕಾಗಿ 5 ಪಣಗಳ ಶುಲ್ಕವನ್ನು ಸಲ್ಲಿಸಬೇಕೆಂದು ಅದು ವಿಧಿಸುತ್ತದೆ. ಅಂದರೆ ಅಲೆದಾಡುವ ಪ್ರದರ್ಶಕರನ್ನು ಆಗಿನ ಆಡಳಿತವು ತೆರಿಗೆ ಕೊಡುವ ವೃತ್ತಿಗಾರರೆಂದೇ ಪರಿಗಣಿಸಿತ್ತು. ವಾತ್ಸ್ಯಾಯನನ ಕಾಮಸೂತ್ರವು ಹೇಳುವ 64 ಕಲೆಗಳ ಪಟ್ಟಿಯಲ್ಲಿ ಐಂದ್ರಜಾಲ ಮತ್ತು ಹಸ್ತಲಾಘವ ಎರಡೂ ಸೇರಿವೆ. ಹರ್ಷನ ‘ರತ್ನಾವಳಿ’ ನಾಟಕದ ಕೊನೆಯ ಅಂಕದಲ್ಲಿ ಐಂದ್ರಜಾಲಿಕನೊಬ್ಬನು ರಾಜನ ಮುಂದೆ ದೇವತೆಗಳನ್ನು ತೋರಿಸುತ್ತಾನೆ. ಅಂತಃಪುರಕ್ಕೆ ಬೆಂಕಿ ಬಿದ್ದಂತೆಯೂ ಭ್ರಮೆ ಹುಟ್ಟಿಸುತ್ತಾನೆ.

ದಾರ್ಶನಿಕರಿಗೂ ಈ ಆಟ ದೃಷ್ಟಾಂತವಾಗಿ ಒದಗಿತು. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ, ಕತ್ತಿ ಗುರಾಣಿ ಹಿಡಿದು ಹಗ್ಗದ ಮೂಲಕ ಆಕಾಶಕ್ಕೇರಿದಂತೆ ತೋರುವ ಮಾಯಾವಿಯನ್ನೂ ನೆಲದ ಮೇಲೆಯೇ ನಿಂತಿರುವ ನಿಜವಾದ ಮಾಯಾವಿಯನ್ನೂ ಬೇರ್ಪಡಿಸಿ ತೋರಿಸುತ್ತಾರೆ. ತೋರಿಕೆ ಬೇರೆ, ಅದಕ್ಕೆ ಆಧಾರವಾದ ಸತ್ಯ ಬೇರೆ ಎಂಬುದನ್ನು ವಿವರಿಸಲು ಅವರು ಇದನ್ನು ಬಳಸಿದ್ದಾರೆ.

1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಮಹಾನವಮಿಯ ಉತ್ಸವದಲ್ಲಿ ಕಂಡ ವಿನೋದಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ. ತೊಲೆಯ ಮೇಲೆ ನಿಂತ ಆನೆಯ ಚಮತ್ಕಾರವೂ ಅವುಗಳಲ್ಲೊಂದು.

19ನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದ ಪ್ರದರ್ಶಕರು ಇಂಗ್ಲೆಂಡಿಗೂ ಹೋದರು. ಅಲ್ಲಿ ‘ರಾಮೋ ಸಾಮೀ’ ಎಂದು ಹೆಸರಾದ ಕಲಾವಿದನು ಲಂಡನ್ನಿನ ಪ್ರೇಕ್ಷಕರ ಮೆಚ್ಚುಗೆಗೆ ಪಾತ್ರನಾದನು. ಇದೇ ಕಾಲದ ಲೇಖಕ ವಿಲಿಯಂ ಹ್ಯಾಜ್ಲಿಟ್‌ನು ಭಾರತೀಯ ಕೈಚಳಕಗಾರರ ಕುರಿತು ಬರೆದ ಪ್ರಬಂಧ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಸಿದ್ಧವಾಗಿದೆ.

## ಪ್ರದರ್ಶನದ ರೀತಿ

ಬೀದಿಯ ಆಟಕ್ಕೆ ನಾಲ್ಕು ಹಂತಗಳಿವೆ.

ಮೊದಲನೆಯದು ಜನರನ್ನು ಸೇರಿಸುವುದು. ಡಮರು, ಪುಂಗಿ ಅಥವಾ ಕೊಳಲಿನ ಸದ್ದಿಗೆ ಮೊದಲು ಮಕ್ಕಳು ಬರುತ್ತಾರೆ; ಮಕ್ಕಳ ಹಿಂದೆ ದೊಡ್ಡವರು ಬರುತ್ತಾರೆ. ಮುಚ್ಚಿದ ಬುಟ್ಟಿಯೊಂದನ್ನು ನೆಲದ ಮೇಲಿರಿಸಿ ಅದನ್ನು ತೆರೆಯದೆ ಬಿಡುವುದು ಕುತೂಹಲವನ್ನು ಕೆರಳಿಸುವ ಹಳೆಯ ಉಪಾಯ.

ಎರಡನೆಯದು ವೃತ್ತವನ್ನು ಕಟ್ಟುವುದು. ಪ್ರದರ್ಶಕನು ಕೋಲಿನಿಂದ ಗೆರೆ ಎಳೆದೋ ನೀರು ಚಿಮುಕಿಸಿಯೋ ಎಲ್ಲೆಯನ್ನು ಗುರುತಿಸುತ್ತಾನೆ. ಮಕ್ಕಳನ್ನು ಮುಂದೆ ಕೂರಿಸಿ ದೊಡ್ಡವರನ್ನು ಹಿಂದೆ ನಿಲ್ಲಿಸುತ್ತಾನೆ. ಇದರಿಂದ ಎಲ್ಲರಿಗೂ ಆಟ ಕಾಣಿಸುತ್ತದೆ. ಜೊತೆಗೆ ಯಾರ ಕಣ್ಣು ಎಷ್ಟು ಎತ್ತರದಲ್ಲಿದೆ, ಯಾರು ಎಷ್ಟು ದೂರದಲ್ಲಿದ್ದಾರೆ ಎಂಬುದೂ ಅವನಿಗೆ ತಿಳಿಯುತ್ತದೆ.

ಮೂರನೆಯದು ಆಟ. ಅದರುದ್ದಕ್ಕೂ ಮಾತು ನಿಲ್ಲುವುದಿಲ್ಲ. ಸಹಾಯಕ ಹುಡುಗನೊಡನೆ ನಡೆಯುವ ಪ್ರಶ್ನೋತ್ತರ, ಗದರಿಕೆ ಮತ್ತು ಹಾಸ್ಯ ಜನರನ್ನು ನಗಿಸುತ್ತವೆ. ನಗುವ ಹೊತ್ತಿನಲ್ಲಿ ಗಮನ ಸಡಿಲಾಗುವುದರಿಂದ ಕೈಯ ಕೆಲಸ ಆಗಲೇ ನಡೆದುಹೋಗುತ್ತದೆ. ಪ್ರದರ್ಶಕನು ಎತ್ತ ನೋಡುತ್ತಾನೋ ಪ್ರೇಕ್ಷಕರು ಅತ್ತಲೇ ನೋಡುತ್ತಾರೆ. ಒಂದು ಕೈಯ ದೊಡ್ಡ ಚಲನೆ ಇನ್ನೊಂದು ಕೈಯ ಸಣ್ಣ ಚಲನೆಯನ್ನು ಮರೆಮಾಡುತ್ತದೆ. ಈ ಎರಡು ತತ್ತ್ವಗಳು ಬಹುತೇಕ ಎಲ್ಲ ಆಟಗಳಿಗೂ ಆಧಾರ.

ನಾಲ್ಕನೆಯದು ಹಣ ಎತ್ತುವುದು. ಅತ್ಯಂತ ದೊಡ್ಡ ಆಟವನ್ನು ಅರ್ಧಕ್ಕೆ ನಿಲ್ಲಿಸಿ, ಅದರ ಮುಕ್ತಾಯಕ್ಕೆ ಮೊದಲೇ ತಟ್ಟೆ ಹಿಡಿಯುವುದು ರೂಢಿ. ಆಟ ಪೂರ್ಣವಾದೊಡನೆ ವೃತ್ತ ಒಡೆಯುತ್ತದೆ, ಆಮೇಲೆ ಕೇಳಿದರೆ ಕೊಡುವವರು ಉಳಿದಿರುವುದಿಲ್ಲ. ನಡುವೆ ಎದ್ದು ಹೋದವರಿಗೆ ಕೇಡಾಗುವುದೆಂಬ ಹೆದರಿಕೆಯ ಮಾತು ಸಹ ಜನರನ್ನು ತಡೆದು ನಿಲ್ಲಿಸುವ ತಂತ್ರವೇ ಹೊರತು ಬೇರೇನೂ ಅಲ್ಲ.

## ಪ್ರಮುಖ ಆಟಗಳು

ಬಟ್ಟಲು ಮತ್ತು ಗುಂಡು: ತಲೆಯಲ್ಲಿ ಗುಬುಟಿರುವ ಸಣ್ಣ ಬಟ್ಟಲುಗಳನ್ನು ಬೋರಲು ಹಾಕಿ, ಅವುಗಳ ಕೆಳಗೆ ಬಟ್ಟೆಯ ಗುಂಡುಗಳು ಮಾಯವಾಗುವಂತೆ ಮತ್ತು ಮರಳಿ ಬರುವಂತೆ ತೋರಿಸುವ ಆಟ. ಪ್ರೇಕ್ಷಕರು ಎಣಿಸುವುದಕ್ಕಿಂತ ಒಂದು ಗುಂಡು ಹೆಚ್ಚಾಗಿ ಪ್ರದರ್ಶಕನ ಬೆರಳುಗಳ ನಡುವೆ ಅಡಗಿರುತ್ತದೆ. ಗುಬುಟನ್ನು ಬೆರಳುಗಳಿಂದ ಹಿಡಿದು ಬಟ್ಟಲನ್ನು ಎತ್ತುವಾಗ ಅಂಗೈ ಬಟ್ಟಲಿನ ಬಾಯಿಯ ಸಮೀಪಕ್ಕೆ ಬರುವುದರಿಂದ ಗುಂಡನ್ನು ಒಳಗೆ ಜಾರಿಸಲು ಸಾಧ್ಯವಾಗುತ್ತದೆ.

ಬುಟ್ಟಿಯ ಆಟ: ಹುಡುಗನನ್ನು ಬುಟ್ಟಿಯಲ್ಲಿ ಕೂರಿಸಿ ಕತ್ತಿಯಿಂದ ಚುಚ್ಚಿದಂತೆ ತೋರಿಸಲಾಗುತ್ತದೆ. ಬುಟ್ಟಿಯ ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗಿರುವವನು ಅಂಚಿನ ಸುತ್ತ ದೇಹವನ್ನು ಬಾಗಿಸಿ ಮಲಗುತ್ತಾನೆ. ಮೊದಲೇ ಗೊತ್ತುಪಡಿಸಿದ ಜಾಗಗಳಲ್ಲಿ ಮಾತ್ರ ಕತ್ತಿ ಹಾದುಹೋಗುತ್ತದೆ. ಇದು ದೀರ್ಘ ಅಭ್ಯಾಸವನ್ನು ಬೇಡುವ, ತಪ್ಪಿದರೆ ಪ್ರಾಣಾಪಾಯವಿರುವ ಆಟ.

ಮಾವಿನ ಗಿಡ: ಮಣ್ಣಿನಲ್ಲಿ ಓಟೆಯನ್ನು ಹೂತು, ಬಟ್ಟೆಯನ್ನು ಮುಚ್ಚಿ ತೆಗೆಯುವಷ್ಟರಲ್ಲಿ ಮೊಳಕೆ, ಸಸಿ, ಕೊನೆಗೆ ಗಿಡವನ್ನು ತೋರಿಸುವುದು. ಬೇರೆ ಬೇರೆ ಹಂತದ ಸಸಿಗಳನ್ನು ಬಟ್ಟೆಯ ಮರೆಯಲ್ಲಿ ಬದಲಾಯಿಸಲಾಗುತ್ತದೆ. ಒಂದೊಂದು ಬದಲಾವಣೆಯ ನಡುವೆ ಬೇರೊಂದು ಸಣ್ಣ ಆಟವನ್ನು ತೋರಿಸಿ ಜನರ ಲಕ್ಷ್ಯವನ್ನು ಸೆಳೆಯಲಾಗುತ್ತದೆ.

ಬರಿದಾಗದ ತಂಬಿಗೆ: ತಂಬಿಗೆಯ ನೀರನ್ನೆಲ್ಲ ಚೆಲ್ಲಿದ ಮೇಲೂ ಮತ್ತೆ ಮತ್ತೆ ನೀರು ಬರುತ್ತದೆ. ತಂಬಿಗೆಗೆ ಎರಡು ಗೋಡೆಗಳಿದ್ದು ಅವುಗಳ ನಡುವೆ ನೀರು ತುಂಬಿರುತ್ತದೆ. ಮೇಲಂಚಿನ ಬಳಿಯ ಸಣ್ಣ ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚಿದಾಗ ಗಾಳಿ ಒಳಹೋಗದ ಕಾರಣ ಆ ನೀರು ಹರಿಯುವುದಿಲ್ಲ. ಬೆರಳು ಸರಿಸಿದಾಗ ಅದು ತಳದ ರಂಧ್ರದಿಂದ ಒಳಪಾತ್ರೆಗೆ ಇಳಿಯುತ್ತದೆ. ವಾಯುವಿನ ಒತ್ತಡವನ್ನು ವಿದ್ಯಾರ್ಥಿಗಳಿಗೆ ವಿವರಿಸಲು ಇದು ಉತ್ತಮ ಉದಾಹರಣೆ.

ನೆನೆಯದ ಮರಳು: ನೀರಿನಲ್ಲಿ ಹಾಕಿದ ಮರಳನ್ನು ಒಣಗಿದಂತೆಯೇ ಹೊರತೆಗೆಯುವುದು. ಮರಳನ್ನು ಮೊದಲೇ ಮೇಣ ಅಥವಾ ಕೊಬ್ಬಿನೊಡನೆ ಹುರಿದಿರುವುದರಿಂದ ಕಣಗಳಿಗೆ ನೀರು ಅಂಟುವುದಿಲ್ಲ.

ಹಗ್ಗದ ಆಟ: ಆಕಾಶಕ್ಕೆ ಎಸೆದ ಹಗ್ಗವನ್ನು ಹುಡುಗನೊಬ್ಬ ಹತ್ತಿ ಮಾಯವಾದನೆಂಬ ಕಥೆ ಜಗತ್ತಿನಾದ್ಯಂತ ಹರಡಿದ್ದು 1890ರಲ್ಲಿ ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆಯು ಪ್ರಕಟಿಸಿದ ವರದಿಯಿಂದ. ಅದು ಕಟ್ಟುಕಥೆಯೆಂದು ಪತ್ರಿಕೆಯೇ ಕೆಲವು ತಿಂಗಳ ಬಳಿಕ ಒಪ್ಪಿಕೊಂಡರೂ ನಂಬಿಕೆ ಉಳಿದುಕೊಂಡಿತು. ಹಗ್ಗವು ನೆಟ್ಟಗೆ ಮೇಲೇಳುವ ಭಾಗವನ್ನು ದೆಹಲಿಯ ಬೀದಿ ಜಾದೂಗಾರ ಇಷಾಮುದ್ದೀನ್ ಖಾನ್ 1995ರಲ್ಲಿ ಬಯಲಿನಲ್ಲಿಯೇ ತೋರಿಸಿ ಪ್ರಸಿದ್ಧರಾದರು.

## ಮೋಡಿ ಆಟ

ಮೋಡಿ ಆಟವು ಇಬ್ಬರು ಗಾರುಡಿಗರ ನಡುವಿನ ಸ್ಪರ್ಧೆಯ ರೂಪದಲ್ಲಿದೆ. ಒಬ್ಬನು ವೃತ್ತದೊಳಗೆ ವಸ್ತುವೊಂದನ್ನು ಇರಿಸಿ ಸವಾಲು ಹಾಕುತ್ತಾನೆ. ಇದು ಮೋಡಿ ಇಡುವುದು. ಇನ್ನೊಬ್ಬನು ಪುಂಗಿ ಊದುತ್ತ ಅದನ್ನು ಎತ್ತಲು ಮುಂದಾಗುತ್ತಾನೆ. ಮೋಡಿ ಇಟ್ಟವನು ಮಂತ್ರಿಸಿದಂತೆ ಮಾಡಿ ಕಾಳನ್ನೋ ಬೂದಿಯನ್ನೋ ಎರಚಿದಾಗ ಎದುರಾಳಿ ಬೀಳುತ್ತಾನೆ, ಹೊರಳಾಡುತ್ತಾನೆ, ಮತ್ತೆ ಏಳುತ್ತಾನೆ. ವಸ್ತು ಕೈಗೆ ಸಿಕ್ಕ ಮೇಲೆ ಆಟ ಮುಗಿಯುತ್ತದೆ. ಇದರಲ್ಲಿ ಕೈಚಳಕಕ್ಕಿಂತ ಅಭಿನಯವೇ ಪ್ರಧಾನ. ಆದುದರಿಂದ ಮೋಡಿಯನ್ನು ಜಾದೂವಿನ ಜೊತೆಗೆ ಬಯಲು ನಾಟಕದ ಒಂದು ಬಗೆಯೆಂದೂ ಪರಿಗಣಿಸಬಹುದು.

## ಪ್ರದರ್ಶಕ ಸಮುದಾಯಗಳು

ಕರ್ನಾಟಕದಲ್ಲಿ ಈ ಕಲೆಯು ಬಹುಮಟ್ಟಿಗೆ ಅಲೆಮಾರಿ ಸಮುದಾಯಗಳ ಕುಲವೃತ್ತಿಯಾಗಿ ಉಳಿದು ಬಂದಿದೆ. ಗಾರುಡಿಗರು, ಹಾವಾಡಿಗರು ಮತ್ತು ಸುಡುಗಾಡು ಸಿದ್ಧರು ಇವರಲ್ಲಿ ಮುಖ್ಯರು. ಸುಡುಗಾಡು ಸಿದ್ಧರು ಗಂಟೆ ಬಾರಿಸುತ್ತ ಮನೆಮನೆಗೆ ಹೋಗಿ ಭವಿಷ್ಯ ನುಡಿಯುವುದರ ಜೊತೆಗೆ ಕೈಚಳಕವನ್ನೂ ತೋರಿಸುತ್ತಾರೆ. ದೊಂಬರ ಕಸರತ್ತು ಇದೇ ಬಯಲಿನಲ್ಲಿ ನಡೆದರೂ ಅದು ಮೈಯ ಸಾಹಸವೇ ಹೊರತು ಕಣ್ಕಟ್ಟಲ್ಲ.

ಹೆಸರಿನ ಹೋಲಿಕೆಯಿಂದ ಸುಡುಗಾಡು ಸಿದ್ಧರನ್ನು ಉತ್ತರ ಕನ್ನಡದ ಸಿದ್ದಿ ಜನರೊಡನೆ ಬೆರೆಸಬಾರದು. ಸಿದ್ದಿಗಳು ಆಫ್ರಿಕಾ ಮೂಲದವರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಮೊದಲಾದ ತಾಲೂಕುಗಳಲ್ಲಿ ನೆಲೆಸಿದ್ದಾರೆ. ಢಮಾಮಿ ಅವರ ಪ್ರಸಿದ್ಧ ಕಲೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು.

ವಿದ್ಯೆಯು ತಂದೆಯಿಂದ ಮಗನಿಗೆ ಬಾಯಿಮಾತಿನಲ್ಲಿ ಮತ್ತು ಅಭ್ಯಾಸದಲ್ಲಿ ದಾಟುತ್ತದೆ. ಹುಡುಗನು ಮೊದಲು ಸಹಾಯಕನಾಗಿ ಮಾತು ಕಲಿಯುತ್ತಾನೆ, ಅನಂತರ ಕೈಯ ಕೆಲಸ ಕಲಿಯುತ್ತಾನೆ. ಗುಟ್ಟನ್ನು ಹೊರಗಿನವರಿಗೆ ಹೇಳದಿರುವುದು ಹೊಟ್ಟೆಪಾಡಿನ ಅಗತ್ಯವೂ ಹೌದು.

## ಸಾಂಬ್ರಾಣಿ ಪರಿಸರದ ಸಂತೆ ಮತ್ತು ಜಾತ್ರೆಗಳು

ಅಲೆಮಾರಿ ಕಲಾವಿದರ ಸಂಚಾರವು ಮಳೆ ಮತ್ತು ಸುಗ್ಗಿಯನ್ನು ಅನುಸರಿಸುತ್ತದೆ. ಹಳಿಯಾಳ ತಾಲೂಕಿನ ಸಾಂಬ್ರಾಣಿ, ಅದರ ಸುತ್ತಣ ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ಪ್ರದೇಶಗಳು ಬಯಲುಸೀಮೆ ಮತ್ತು ಮಲೆನಾಡುಗಳು ಕೂಡುವೆಡೆಯಲ್ಲಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಇಲ್ಲಿ ಬಯಲಾಟಕ್ಕೆ ಅವಕಾಶವಿಲ್ಲ. ಬೆಳೆ ಮನೆಗೆ ಬಂದ ಮೇಲೆ ಜನರ ಕೈಯಲ್ಲಿ ಹಣವೂ ಬಿಡುವೂ ಇರುತ್ತವೆ. ಜಾತ್ರೆಗಳೂ ಆಗಲೇ ಆರಂಭವಾಗುತ್ತವೆ.

ಜೋಯಿಡಾ ತಾಲೂಕಿನ ಉಳವಿಯಲ್ಲಿ ಭರತ ಹುಣ್ಣಿಮೆಯ ವೇಳೆಗೆ ಚನ್ನಬಸವೇಶ್ವರ ಜಾತ್ರೆ ನಡೆಯುತ್ತದೆ. ಧಾರವಾಡ, ಬೆಳಗಾವಿ ಕಡೆಯ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುವುದು ಇದರ ವಿಶೇಷ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಗಳಿಗೊಮ್ಮೆ ಜರುಗುತ್ತದೆ. ಇಂತಹ ಜಾತ್ರೆಗಳ ಬಯಲೇ ಜಾದೂಗಾರ, ದೊಂಬ, ಗೊಂಬೆಯಾಟದವರಂತಹ ಪ್ರದರ್ಶಕರಿಗೆ ಸಹಜವಾದ ರಂಗ. ಈ ಭಾಗದ ಸಂತೆಗಳಲ್ಲಿ ಕನ್ನಡ, ಮರಾಠಿ, ಕೊಂಕಣಿ ಮತ್ತು ಉರ್ದು ಭಾಷೆಗಳು ಒಟ್ಟಿಗೆ ಕೇಳಿಬರುತ್ತವೆ. ಮುಂಡಗೋಡದ ಬಳಿ ಟಿಬೆಟನ್ನರ ನೆಲೆಯೂ ಇದೆ. ಇಂತಹ ಕಡೆ ಆಟ ಕಟ್ಟುವವನಿಗೆ ಒಂದೇ ಭಾಷೆ ಸಾಲದು, ನಗಿಸುವ ನಾಲ್ಕು ಮಾತುಗಳಾದರೂ ಎಲ್ಲ ಭಾಷೆಗಳಲ್ಲಿ ಬೇಕಾಗುತ್ತವೆ.

## ಜಾದೂ, ಪವಾಡ ಮತ್ತು ವೈಚಾರಿಕತೆ

ಜಾದೂಗಾರನು ತನ್ನದು ಆಟವೆಂದು ಒಪ್ಪಿಕೊಳ್ಳುತ್ತಾನೆ. ಅದೇ ಆಟವನ್ನು ದೈವಶಕ್ತಿಯೆಂದು ಹೇಳಿಕೊಂಡಾಗ ಅದು ವಂಚನೆಯಾಗುತ್ತದೆ. ಬೀದಿಯ ಆಟದ ಕೊನೆಯಲ್ಲಿ ತಾಯಿತ ಅಥವಾ ಬೇರುಗಳನ್ನು ರೋಗಕ್ಕೆ ಮದ್ದೆಂದು ಮಾರುವವರೂ ಇರುವುದರಿಂದ ಈ ಗೆರೆಯನ್ನು ನೋಡುಗರು ತಿಳಿದಿರುವುದು ಅವಶ್ಯಕ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸುವ ಸಮಿತಿಯೊಂದನ್ನು ರಚಿಸಿದರು. ಹುಲಿಕಲ್ ನಟರಾಜ್ ಅವರು ರಾಜ್ಯದ ಹಲವೆಡೆ ‘ಪವಾಡ ಬಯಲು’ ಕಾರ್ಯಕ್ರಮಗಳನ್ನು ನಡೆಸಿದ್ದಾರೆ. ಇಂತಹ ಕಾರ್ಯಕ್ರಮಗಳಲ್ಲಿ ಬಳಕೆಯಾಗುವುದು ಬಹುಪಾಲು ಗಾರುಡಿಗರ ವಿದ್ಯೆಯೇ. ಹೀಗೆ ಮೂಢನಂಬಿಕೆಯ ಸಾಧನವೆಂದು ಶಂಕೆಗೊಳಗಾದ ಕಲೆಯು ಮೂಢನಂಬಿಕೆಯನ್ನು ನಿವಾರಿಸುವ ಸಾಧನವೂ ಆಗಿದೆ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯಲು ಕರ್ನಾಟಕವು 2017ರಲ್ಲಿ ಕಾಯಿದೆಯನ್ನು ಮಾಡಿ, 2020ರಲ್ಲಿ ಜಾರಿಗೆ ತಂದಿತು.

## ಕಾನೂನು ಮತ್ತು ಜೀವನೋಪಾಯ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಹಾವನ್ನು ಹಿಡಿದು ಆಡಿಸುವುದು ಅಪರಾಧವಾಯಿತು. ಜೀವಿಗಳ ರಕ್ಷಣೆಯ ದೃಷ್ಟಿಯಿಂದ ಇದು ಸರಿಯಾದ ಕ್ರಮ. ಆದರೆ ಹಾವು ಮತ್ತು ಕೈಚಳಕ ಎರಡನ್ನೂ ನಂಬಿದ್ದ ಕುಟುಂಬಗಳು ಜನರನ್ನು ಸೆಳೆಯುವ ಮುಖ್ಯ ಆಕರ್ಷಣೆಯನ್ನು ಕಳೆದುಕೊಂಡವು.

ಹೆಚ್ಚು ತೊಡಕಿನ ಸಂಗತಿಯೆಂದರೆ ಭಿಕ್ಷಾಟನೆಯ ಕಾನೂನು. 1959ರ ಮುಂಬಯಿ ಭಿಕ್ಷಾಟನೆ ಪ್ರತಿಬಂಧಕ ಕಾಯಿದೆಯು ಹಾಡು, ಕುಣಿತ, ಪ್ರದರ್ಶನಗಳ ನೆಪದಲ್ಲಿ ಹಣ ಪಡೆಯುವುದನ್ನೂ ಭಿಕ್ಷೆಯೆಂದೇ ಹೇಳುತ್ತದೆ. ಈ ಕಾಯಿದೆಯನ್ನು ದೆಹಲಿಗೆ ಅನ್ವಯಿಸಿದ್ದಾಗ ಅದರ ಹಲವು ಕಲಮುಗಳನ್ನು ದೆಹಲಿ ಹೈಕೋರ್ಟ್ 2018ರಲ್ಲಿ ಅಸಾಂವಿಧಾನಿಕವೆಂದು ರದ್ದುಗೊಳಿಸಿತು. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯಿದೆ ಇದೆ. ಸಭಾಂಗಣದಲ್ಲಿ ಟಿಕೆಟ್ ಪಡೆದು ತೋರಿಸಿದರೆ ಕಲೆಯೆನಿಸುವ ಆಟವೇ ಬೀದಿಯಲ್ಲಿ ತಟ್ಟೆ ಹಿಡಿದಾಗ ಭಿಕ್ಷೆಯೆನಿಸುವ ಈ ಭೇದವು ಬೀದಿ ಕಲಾವಿದರ ಮುಖ್ಯ ಸಮಸ್ಯೆ. ದೆಹಲಿಯಲ್ಲಿ ಜಾದೂಗಾರರೂ ಬೊಂಬೆಯಾಟದವರೂ ನೆಲೆಸಿದ್ದ ಕಠ್‌ಪುತಲಿ ಕಾಲೊನಿಯನ್ನು 2017ರಲ್ಲಿ ತೆರವುಗೊಳಿಸಿದಾಗ ಈ ಪ್ರಶ್ನೆ ದೇಶದ ಗಮನ ಸೆಳೆದಿತ್ತು.

ಸಹಾಯಕರಾಗಿ ತಿರುಗುವ ಮಕ್ಕಳ ಶಿಕ್ಷಣ ಇನ್ನೊಂದು ಸಮಸ್ಯೆ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವು 2009ರ ಕಾಯಿದೆಯಂತೆ ಹಕ್ಕಾಗಿದೆ. ಜಾತ್ರೆಗಳ ಕಾಲವೂ ಶಾಲಾ ವರ್ಷದ ಕೊನೆಯ ತಿಂಗಳುಗಳೂ ಒಂದೇ ಆಗಿರುವುದರಿಂದ ಅಲೆಮಾರಿ ಕುಟುಂಬದ ಮಗು ಪರೀಕ್ಷೆಯ ಹೊತ್ತಿಗೆ ಊರಿನಲ್ಲಿರುವುದು ಕಷ್ಟ.

## ಇಂದಿನ ಸ್ಥಿತಿ

ಚಲನಚಿತ್ರ, ದೂರದರ್ಶನ ಮತ್ತು ಮೊಬೈಲುಗಳಿಂದ ಬೀದಿಯ ಆಟಗಳಿಗೆ ಜನ ಸೇರುವುದು ಕಡಿಮೆಯಾಗಿದೆ. ಆಟಗಳ ಗುಟ್ಟುಗಳು ಅಂತರಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಇನ್ನೊಂದೆಡೆ ವೇದಿಕೆಯ ಜಾದೂ ಬೆಳೆದಿದೆ. ಮಂಗಳೂರಿನ ಕುದ್ರೋಳಿ ಗಣೇಶ್ ಅವರು ತುಳುನಾಡಿನ ಸಂಸ್ಕೃತಿಯನ್ನು ಜಾದೂ ಪ್ರದರ್ಶನಕ್ಕೆ ಅಳವಡಿಸಿ ಹೆಸರು ಪಡೆದಿದ್ದಾರೆ. ಶಾಲೆಗಳ ವಿಜ್ಞಾನ ಕಾರ್ಯಕ್ರಮಗಳಲ್ಲಿಯೂ ಗಾರುಡಿಗರ ಕೆಲವು ಆಟಗಳಿಗೆ ಸ್ಥಾನ ದೊರೆತಿದೆ. ಆದರೆ ನಗರದ ವೇದಿಕೆಗೆ ದೊರೆತ ಮನ್ನಣೆಯು, ಆ ಆಟಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಅಲೆಮಾರಿ ಕುಟುಂಬಗಳಿಗೆ ಇನ್ನೂ ಪೂರ್ಣವಾಗಿ ದೊರೆತಿಲ್ಲ.